‘ಅಳಿಸು’ ಎಂಬ ಆಜ್ಞೆಯ ಇತಿಹಾಸ



ನಿಮ್ಮಲ್ಲಿ ಅನೇಕರು ಕಾಲೇಜಿನ ಪ್ರಾಜೆಕ್ಟಿಗೆಂದು ಒಂದಲ್ಲ ಒಂದು ಆ್ಯಪ್ ಬರೆದು ಅಂತರಜಾಲದಲ್ಲಿ ನಿಲ್ಲಿಸಿರುತ್ತೀರಿ. ಅದು ಇರುವುದು ನಿಮ್ಮ ಮನೆಯ ಕಂಪ್ಯೂಟರಿನಲ್ಲಲ್ಲ. ಎಲ್ಲೋ ದೂರದಲ್ಲಿರುವ, ಬಾಡಿಗೆಗೆ ಸಿಗುವ ಸರ್ವರಿನಲ್ಲಿ. ಹೀಗೆ ಇನ್ನೊಬ್ಬರ ಯಂತ್ರದಲ್ಲಿ ಜಾಗ ಪಡೆದು ಆ್ಯಪ್ ನಡೆಸುವುದಕ್ಕೆ ಹೋಸ್ಟಿಂಗ್ ಎನ್ನುತ್ತಾರೆ. ಮೊದಲು ಒಂದು ಪ್ರಯೋಗ, ಆಮೇಲೆ ಅದನ್ನೇ ತಿದ್ದಿದ ಇನ್ನೊಂದು, ಗೆಳೆಯರ ಒತ್ತಾಯಕ್ಕೆ ಮಾಡಿದ ಮತ್ತೊಂದು. ವರ್ಷ ಮುಗಿಯುವ ಹೊತ್ತಿಗೆ ಏಳೆಂಟು ಆ್ಯಪ್‌ಗಳು ಸಾಲಾಗಿ ನಿಂತಿರುತ್ತವೆ, ಬಿಲ್ಲೂ ಬರುತ್ತಿರುತ್ತದೆ. ಈಚಿನ ಒಂದೆರಡು ವರ್ಷಗಳಲ್ಲಿ ನಿಮ್ಮ ಕೈಗೆ ಹೊಸದೊಂದು ಸಹಾಯವೂ ದೊರೆತಿದೆ: ಎಐ ಏಜೆಂಟ್. ಒಂದು ಸಾಲು ಬರೆದರೆ ಸಾಕು, ಅದೇ ಹೋಗಿ ಸರ್ವರಿಗೆ ಆಜ್ಞೆ ಕೊಟ್ಟು ಕೆಲಸ ಮುಗಿಸಿ ಬರುತ್ತದೆ. ನೀವು ಹೀಗೆ ಬರೆಯುತ್ತೀರಿ ಎಂದಿಟ್ಟುಕೊಳ್ಳಿ: “ಹಳೆಯ, ಬೇಡವಾದ ಆ್ಯಪ್‌ಗಳನ್ನೆಲ್ಲ ತೆಗೆದುಬಿಡು.”

ಈ ಪುಟ್ಟ ವಾಕ್ಯವನ್ನು ಇನ್ನೊಮ್ಮೆ ಓದಿ. ‘ಹಳೆಯ’ ಎಂದರೆ ಮೊದಲು ಮಾಡಿದ್ದೇ, ಅಥವಾ ಬಹಳ ದಿನಗಳಿಂದ ಯಾರೂ ತೆರೆಯದಿರುವುದೇ? ‘ಬೇಡವಾದ’ ಎಂದರೆ ಯಾರಿಗೆ ಬೇಡವಾದದ್ದು? ‘ತೆಗೆದುಬಿಡು’ ಎಂದರೆ ನಿಲ್ಲಿಸುವುದೇ, ಮರೆಮಾಡುವುದೇ, ಮತ್ತೆ ಸಿಗದಂತೆ ನಾಶ ಮಾಡುವುದೇ? ಮನೆಯಲ್ಲಿ ಅಮ್ಮ “ಅಟ್ಟದ ಮೇಲಿರುವ ಬೇಡದ ಸಾಮಾನು ತೆಗೆದು ಹಾಕು” ಎಂದಾಗ ನೀವು ಪ್ರತಿಯೊಂದನ್ನೂ ಕೆಳಗಿಳಿಸಿ ತೋರಿಸಿ ಕೇಳುತ್ತೀರಿ. ಯಂತ್ರ ಹಾಗೆ ಕೇಳುವಂತೆ ಮಾಡುವುದು ಹೇಗೆ? ಕೇಳಿದರೂ ಅದು ಸಾಕೇ? ಇದಕ್ಕೆ ಉತ್ತರ ಹುಡುಕಬೇಕಾದರೆ ‘ಅಳಿಸು’ ಎಂಬ ಆಜ್ಞೆ ಐವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ನಡೆದು ಬಂದ ದಾರಿಯನ್ನು ನೋಡಬೇಕು.

1971ನೆಯ ಇಸವಿ. ಅಮೆರಿಕದ ನ್ಯೂಜೆರ್ಸಿ ಪ್ರಾಂತದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬ ಇಬ್ಬರು ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟುತ್ತಿದ್ದರು. ಅದರ ಮೊದಲ ಕೈಪಿಡಿಯ ಮೇಲೆ 1971ರ ನವೆಂಬರ್ 3 ಎಂಬ ದಿನಾಂಕವಿದೆ. ಆ ಕೈಪಿಡಿಯಲ್ಲಿಯೇ ‘ಆರ್‌ಎಂ’ ಎಂಬ ಎರಡಕ್ಷರದ ಆಜ್ಞೆ ಕಾಣಿಸುತ್ತದೆ. ತೆಗೆದುಹಾಕು ಎಂಬ ಅರ್ಥದ ಇಂಗ್ಲಿಷ್ ಪದದ ಸಂಕ್ಷೇಪ ಅದು. ಕಡತದ ಹೆಸರು ಕೊಟ್ಟು ಗುಂಡಿ ಒತ್ತಿದರೆ ಕಡತ ಹೋಯಿತು. ಹೋಯಿತು ಎಂಬ ಸುದ್ದಿಯೂ ಪರದೆಯ ಮೇಲೆ ಬರುವುದಿಲ್ಲ. ಬಳಸುವವರೆಲ್ಲ ನುರಿತ ಎಂಜಿನಿಯರುಗಳು, ಏನು ಮಾಡುತ್ತಿದ್ದೇವೆಂದು ಅವರಿಗೆ ಗೊತ್ತು ಎಂಬ ನಂಬಿಕೆಯ ಮೇಲೆ ಕಟ್ಟಿದ ಲೋಕ ಅದು. ಇಂದಿಗೂ ಜಗತ್ತಿನ ಬಹುಪಾಲು ಸರ್ವರುಗಳಲ್ಲಿ ಈ ಆಜ್ಞೆ ಇದೆ, ಈಗಲೂ ಹೆಚ್ಚಾಗಿ ಮೌನವಾಗಿಯೇ ಕೆಲಸ ಮಾಡುತ್ತದೆ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಕಡತವನ್ನು ಅಳಿಸಿದಾಗ ಡಿಸ್ಕಿನ ಮೇಲಿನ ಬರಹ ಆ ಕ್ಷಣವೇ ಅಳಿಯುವುದಿಲ್ಲ. ಪಹಣಿಯಿಂದ ಹೆಸರು ತೆಗೆದ ಮಾತ್ರಕ್ಕೆ ಹೊಲ ಮಾಯವಾಗುವುದಿಲ್ಲವಷ್ಟೆ? ಹಾಗೆಯೇ ಇದು. ಹೆಸರು ಹೋಗಿರುತ್ತದೆ, ಜಾಗ ಖಾಲಿ ಎಂದು ದಾಖಲಾಗಿರುತ್ತದೆ; ಇನ್ನೊಬ್ಬರು ಬಂದು ಉಳುವವರೆಗೆ ಹಳೆಯ ಪೈರು ಅಲ್ಲೇ ನಿಂತಿರುತ್ತದೆ. ಮೈಕ್ರೋಸಾಫ್ಟಿನ ಡಾಸ್ ವ್ಯವಸ್ಥೆಯಲ್ಲಿ ಇದು ಇನ್ನೂ ಸರಳ. ಕಡತದ ಹೆಸರಿನ ಮೊದಲ ಅಕ್ಷರವನ್ನು ಒರೆಸಿ ಅಲ್ಲಿ ಒಂದು ಗುರುತು ಹಾಕುತ್ತಿದ್ದರು, ಅಷ್ಟೆ. ಇದನ್ನು ಬಳಸಿಕೊಂಡು ಪೀಟರ್ ನಾರ್ಟನ್ ಎಂಬುವರು 1982ರಲ್ಲಿ ಅಳಿಸಿದ್ದನ್ನು ಮರಳಿ ತರುವ ತಂತ್ರಾಂಶವನ್ನು ಮಾರಾಟಕ್ಕೆ ತಂದರು. ಅದು ಬಳಕೆದಾರನನ್ನು ಕೇಳುತ್ತಿದ್ದ ಮುಖ್ಯ ಪ್ರಶ್ನೆಯೆಂದರೆ, ನಿಮ್ಮ ಕಡತದ ಹೆಸರಿನ ಮೊದಲ ಅಕ್ಷರ ಯಾವುದಿತ್ತು ಎಂಬುದು!

ಸಾಮಾನ್ಯ ಜನ ಕಂಪ್ಯೂಟರ್ ಬಳಸತೊಡಗಿದ ಮೇಲೆ ಮೌನದ ಆಜ್ಞೆ ಸಾಲದಾಯಿತು. ಆಗ ಎರಡು ಬೇರೆ ಬೇರೆ ಉಪಾಯಗಳು ಹುಟ್ಟಿದವು. ಒಂದು, ಪ್ರಶ್ನೆ. ಡಾಸ್‌ನಲ್ಲಿ ಒಂದು ಕೋಶದ ಕಡತಗಳನ್ನೆಲ್ಲ ಅಳಿಸಲು ಹೊರಟರೆ “ಖಚಿತವೇ? ವೈ ಅಥವಾ ಎನ್” ಎಂದು ಅದು ಕೇಳುತ್ತಿತ್ತು. ಇನ್ನೊಂದು, ಅವಧಿ. 1983ರ ಜನವರಿಯಲ್ಲಿ ಆಪಲ್ ಕಂಪನಿ ಹೊರತಂದ ಲೀಸಾ ಕಂಪ್ಯೂಟರಿನ ಪರದೆಯ ಮೇಲೆ ಒಂದು ಕಸದ ಬುಟ್ಟಿಯ ಚಿತ್ರವಿತ್ತು. 1984ರ ಮೆಕಿಂತೋಷ್ ಅದನ್ನು ಮನೆಮನೆಗೆ ತಂದಿತು. 1995ರ ಆಗಸ್ಟಿನಲ್ಲಿ ಬಂದ ವಿಂಡೋಸ್ 95 ಮರುಬಳಕೆಯ ಬುಟ್ಟಿ ಎಂಬ ಹೆಸರಿನಲ್ಲಿ ಅದನ್ನೇ ಅಳವಡಿಸಿಕೊಂಡಿತು. ಬುಟ್ಟಿಗೆ ಹಾಕುವುದು ಒಂದು ಕೆಲಸ, ಬುಟ್ಟಿ ಖಾಲಿ ಮಾಡುವುದು ಇನ್ನೊಂದು ಕೆಲಸ. ನಡುವೆ ಒಂದು ದಿನವೋ ಒಂದು ತಿಂಗಳೋ ಕಳೆಯಬಹುದು.

ಈ ಎರಡರಲ್ಲಿ ಯಾವುದು ಮೇಲು? ಪ್ರಶ್ನೆ ಕೇಳುವುದು ಸುಲಭ, ಖರ್ಚಿಲ್ಲ. ಆದರೆ ದಿನಕ್ಕೆ ಇಪ್ಪತ್ತು ಸಲ “ಖಚಿತವೇ?” ಎಂದು ಕೇಳಿದರೆ ಕಣ್ಣು ಓದುವ ಮೊದಲೇ ಬೆರಳು ‘ವೈ’ ಒತ್ತಿರುತ್ತದೆ. ಮೊಬೈಲಿನಲ್ಲಿ ಷರತ್ತುಗಳಿಗೆ ‘ಒಪ್ಪಿದೆ’ ಎಂದು ಒತ್ತುವಾಗ ನೀವು ಎಷ್ಟು ಓದಿರುತ್ತೀರಿ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಮೂರನೆಯ ಉಪಾಯವೊಂದು ನಮ್ಮ ದೂರದರ್ಶನದ ವೃತ್ತಿಯಲ್ಲಿ ಇತ್ತು. ಯುನಿಕ್ಸ್ ಕೈಪಿಡಿ ಬಂದ ಅದೇ 1971ರಲ್ಲಿ ಸೋನಿ ಕಂಪನಿಯ ಯೂಮ್ಯಾಟಿಕ್ ಎಂಬ ವಿಡಿಯೋ ಕ್ಯಾಸೆಟ್ ಮಾರುಕಟ್ಟೆಗೆ ಬಂತು. ಅದರ ತಳಭಾಗದಲ್ಲಿ ಒಂದು ಪುಟ್ಟ ಕೆಂಪು ಗುಂಡಿ. ಅದನ್ನು ಕಿತ್ತು ತೆಗೆದರೆ ಆ ಕ್ಯಾಸೆಟ್ಟಿನ ಮೇಲೆ ಯಾವ ಯಂತ್ರವೂ ಹೊಸದಾಗಿ ಧ್ವನಿಮುದ್ರಿಸದು, ಚಿತ್ರವನ್ನೂ ಮುದ್ರಿಸದು. ಹಾಡಿನ ಕ್ಯಾಸೆಟ್ಟಿನ ಬೆನ್ನಿನಲ್ಲಿಯೂ ಇಂಥದೇ ಒಂದು ಪ್ಲಾಸ್ಟಿಕ್ ಚೂರು ಇರುತ್ತಿತ್ತು. ಮನೆಯಲ್ಲಿ ಹಳೆಯ ಕ್ಯಾಸೆಟ್ ಇದ್ದರೆ ತೆಗೆದು ನೋಡಿ. ಚೂರನ್ನು ಮುರಿದ ಜಾಗದಲ್ಲಿ ಯಾರೋ ಕಾಗದ ತುರುಕಿ ಮತ್ತೆ ಧ್ವನಿಮುದ್ರಿಸಿರುವುದೂ ಕಾಣಬಹುದು. ಇದರಲ್ಲಿ ಪ್ರಶ್ನೆಯೂ ಇಲ್ಲ, ಅವಧಿಯೂ ಇಲ್ಲ. ರಕ್ಷಣೆ ಇರುವುದು ವಸ್ತುವಿನ ಮೈಯಲ್ಲಿಯೇ. ಗುಂಡಿ ಒತ್ತುವವನು ಬುದ್ಧಿವಂತನೋ ದಡ್ಡನೋ ಎಂದು ಅದು ನೋಡುವುದಿಲ್ಲ. ಈ ಕೆಂಪು ಗುಂಡಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ 1998ಕ್ಕೆ ಬರೋಣ. ಅಮೆರಿಕದ ಪಿಕ್ಸಾರ್ ಸಂಸ್ಥೆ ‘ಟಾಯ್ ಸ್ಟೋರಿ 2’ ಚಲನಚಿತ್ರವನ್ನು ಕಂಪ್ಯೂಟರಿನಲ್ಲಿ ತಯಾರಿಸುತ್ತಿತ್ತು. ಯಾರೋ ಒಬ್ಬರು ಚಿತ್ರದ ಕಡತಗಳಿದ್ದ ಮೂಲಕೋಶದ ಮೇಲೆಯೇ ಅಳಿಸುವ ಆಜ್ಞೆ ಕೊಟ್ಟರು. ಪರದೆಯ ಮೇಲೆ ನಾಯಕ ಗೊಂಬೆಯ ಟೋಪಿ ಮಾಯವಾಯಿತು, ಆಮೇಲೆ ಇತರ ಪಾತ್ರಗಳು ಒಂದೊಂದಾಗಿ ಕಾಣೆಯಾದವು. ಓರೆನ್ ಜೇಕಬ್ ಎಂಬ ತಂತ್ರಜ್ಞರು ಗಾಬರಿಯಿಂದ ಯಂತ್ರದ ಪ್ಲಗ್ ಕೀಳಿಸುವ ಹೊತ್ತಿಗೆ ಚಿತ್ರದ ಸುಮಾರು ಶೇಕಡ 90 ಭಾಗ ಹೋಗಿತ್ತು. ಬ್ಯಾಕಪ್, ಅಂದರೆ ಕಾಪುನಕಲು, ಇದೆಯಲ್ಲ ಎಂದುಕೊಂಡರು. ನೋಡಿದರೆ ಅದು ಸರಿಯಾಗಿ ಕೆಲಸ ಮಾಡಿರಲೇ ಇಲ್ಲ. ಚಿತ್ರವನ್ನು ಉಳಿಸಿದ್ದು ಗೇಲಿನ್ ಸೂಸ್ಮನ್ ಎಂಬ ತಂತ್ರ ನಿರ್ದೇಶಕಿ. ಬಾಣಂತನದ ಕಾರಣ ಮನೆಯಿಂದಲೇ ಕೆಲಸ ಮಾಡಲೆಂದು ಅವರು ಒಂದು ಪ್ರತಿಯನ್ನು ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದರು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ಜೋಪಾನವಾಗಿ ಸ್ಟುಡಿಯೋಗೆ ತಂದರು. ಚಿತ್ರ 1999ರಲ್ಲಿ ಬಿಡುಗಡೆಯಾಯಿತು.

ಇಲ್ಲಿಯವರೆಗಿನ ಕಥೆಯಲ್ಲಿ ಅಳಿಯುತ್ತಿದ್ದುದು ಕಡತಗಳು. 2006ರಲ್ಲಿ ಅಮೆಜಾನ್ ತನ್ನ ಸಂಗ್ರಹಣಾ ಸೇವೆಯನ್ನೂ ಬಾಡಿಗೆ ಸರ್ವರುಗಳನ್ನೂ ಆರಂಭಿಸಿತು, 2007ರಲ್ಲಿ ಹೆರೋಕು ಎಂಬ ಹೋಸ್ಟಿಂಗ್ ಸೇವೆ ಹುಟ್ಟಿತು. ಅಂದಿನಿಂದ ಅಳಿಸುವ ವಸ್ತುವಿನ ಸ್ವರೂಪವೇ ಬದಲಾಯಿತು. ಹೋಸ್ಟ್ ಮಾಡಿದ ಆ್ಯಪ್ ಎಂಬುದು ಒಂದು ಕಡತವಲ್ಲ, ಒಂದು ಸಂಸಾರ. ಅದರಲ್ಲಿ ನೀವು ಬರೆದ ಪ್ರೋಗ್ರಾಂ ಇದೆ, ಬಳಕೆದಾರರ ಮಾಹಿತಿ ತುಂಬಿದ ಡೇಟಾಬೇಸ್ ಇದೆ, ವಿಳಾಸವಾದ ಡೊಮೇನ್ ಹೆಸರಿದೆ, ಗುಪ್ತ ಕೀಲಿಗಳಿವೆ, ಇವನ್ನೆಲ್ಲ ನಂಬಿಕೊಂಡ ಬೇರೆ ಆ್ಯಪ್‌ಗಳಿವೆ. ಪ್ರೋಗ್ರಾಂ ಹೋದರೆ ನಿಮ್ಮ ಬಳಿ ಪ್ರತಿ ಇರುತ್ತದೆ, ಮತ್ತೆ ಏರಿಸಬಹುದು. ಡೇಟಾಬೇಸ್ ಹಾಗಲ್ಲ. ಅದು ಆ್ಯಪ್ ಬದುಕಿದ್ದಾಗ ಅಲ್ಲಿಯೇ ಬೆಳೆದದ್ದು. ಹೆರೋಕುವಿನಲ್ಲಿ ಅಳಿಸುವ ಆಜ್ಞೆಗೆ ‘ಧ್ವಂಸ ಮಾಡು’ ಎಂಬ ಅರ್ಥದ ಪದವನ್ನೇ ಇಟ್ಟಿದ್ದಾರೆ, ಆ್ಯಪ್ ಜೊತೆಗೆ ಅದಕ್ಕೆ ಅಂಟಿಕೊಂಡ ಡೇಟಾಬೇಸೂ ಹೋಗುತ್ತದೆ. ಪದದ ಆಯ್ಕೆ ಪ್ರಾಮಾಣಿಕವಾಗಿದೆ ಎನ್ನಬೇಕು.

‘ವೈ’ ಒತ್ತುವ ಬೆರಳಿನ ಅಭ್ಯಾಸವನ್ನು ತಡೆಯಲು ಈ ಸೇವೆಗಳು ಒಂದು ಜಾಣತನ ಮಾಡಿದವು. ಅಳಿಸಬೇಕಾದರೆ ಆ್ಯಪ್‌ನ ಪೂರ್ತಿ ಹೆಸರನ್ನು ನೀವೇ ಟೈಪ್ ಮಾಡಬೇಕು. ಗಿಟ್‌ಹಬ್‌ನಲ್ಲಿಯೂ ಹೀಗೆಯೇ. ಹೆಸರು ಟೈಪ್ ಮಾಡುವ ಆ ನಾಲ್ಕೈದು ಸೆಕೆಂಡುಗಳಲ್ಲಿ ಮನಸ್ಸು ಕೈಯನ್ನು ಹಿಡಿದು ನಿಲ್ಲಿಸುತ್ತದೆ ಎಂಬ ಎಣಿಕೆ. ಮನುಷ್ಯನ ಮಟ್ಟಿಗೆ ಎಣಿಕೆ ಸರಿಯಾಗಿಯೇ ಇದೆ. ಆದರೆ ಇದೇ ಕೆಲಸವನ್ನು ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಮಾಡುವಾಗ ಪ್ರಶ್ನೆ ಕೇಳುತ್ತ ನಿಂತರೆ ಕೆಲಸ ಸಾಗದು. ಅದಕ್ಕಾಗಿ ಹೆಸರನ್ನು ಆಜ್ಞೆಯ ಜೊತೆಗೇ ಮೊದಲೇ ಕೊಟ್ಟುಬಿಡುವ ಸೌಲಭ್ಯವನ್ನೂ ಇಟ್ಟಿರುತ್ತಾರೆ. ಯಂತ್ರಕ್ಕೆ ಹೆಸರು ಟೈಪ್ ಮಾಡಲು ನಾಲ್ಕು ಸೆಕೆಂಡು ಬೇಡ, ಟೈಪ್ ಮಾಡುವಾಗ ಎದೆ ಝಲ್ಲೆನ್ನುವುದೂ ಇಲ್ಲ. ಬೀಗ ಬಾಗಿಲಿನಲ್ಲೇ ಇದೆ, ಆದರೆ ಕೀಲಿಕೈ ಅದರಲ್ಲೇ ನೇತಾಡುತ್ತಿದೆ ಎಂಬಂಥ ಸ್ಥಿತಿ ಇದು. ಮುಂದಿನ ಅನಾಹುತಗಳೆಲ್ಲ ಈ ಸಂದಿನಲ್ಲಿಯೇ ಹುಟ್ಟಿದವು ಎಂದು ನನಗನ್ನಿಸುತ್ತದೆ.

ಒಂದು ಅನಾಹುತದಲ್ಲಿ ಮಾತ್ರ ಮನುಷ್ಯನ ಕೈಯೇ ತಪ್ಪಿತು. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಎಂಬ ಸಂಸ್ಥೆಯ ಎಂಜಿನಿಯರ್ ಒಬ್ಬರು ಎರಡನೆಯ ಸರ್ವರಿನಲ್ಲಿ ಕೊಡಬೇಕಾಗಿದ್ದ ಅಳಿಸುವ ಆಜ್ಞೆಯನ್ನು ಮೊದಲನೆಯ ಸರ್ವರಿನಲ್ಲಿ ಕೊಟ್ಟರು. ಒಂದೆರಡು ಸೆಕೆಂಡಿನಲ್ಲಿ ತಪ್ಪು ಗೊತ್ತಾಗಿ ನಿಲ್ಲಿಸಿದರು. ಆಗಲೇ 300 ಗಿಗಾಬೈಟ್‌ನಷ್ಟಿದ್ದ ಮಾಹಿತಿಯಲ್ಲಿ 4.5 ಗಿಗಾಬೈಟ್ ಉಳಿದಿತ್ತು. ನಿತ್ಯದ ಬ್ಯಾಕಪ್ ಬಹುಕಾಲದಿಂದ ವಿಫಲವಾಗುತ್ತಿತ್ತು. ವಿಫಲವಾಗಿದೆ ಎಂದು ತಿಳಿಸುವ ಇಮೇಲುಗಳೂ ತಲುಪದೆ ತಿರಸ್ಕೃತವಾಗುತ್ತಿದ್ದವು! ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಒಂದು ನಕಲು ಅವರನ್ನು ಕಾಪಾಡಿತು. ಆ ಸಂಸ್ಥೆ ಎಂಜಿನಿಯರನ್ನು ಬಲಿಕೊಡಲಿಲ್ಲ. ದುರಸ್ತಿಯ ಕೆಲಸವನ್ನು ಲೋಕವೆಲ್ಲ ನೋಡುವಂತೆ ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿತು. ನೇರಪ್ರಸಾರದ ಕಷ್ಟ ಬಲ್ಲ ನನಗೆ ಆ ಧೈರ್ಯದ ಬಗ್ಗೆ ಗೌರವವಿದೆ.

ಇದಾಗಿ ಒಂದು ತಿಂಗಳೂ ಕಳೆದಿರಲಿಲ್ಲ. 2017ರ ಫೆಬ್ರವರಿ 28ರಂದು ಅಮೆಜಾನಿನ ಸಂಗ್ರಹಣಾ ಸೇವೆಯಲ್ಲಿ ಕೆಲವೇ ಸರ್ವರುಗಳನ್ನು ತೆಗೆಯಲು ಕೊಟ್ಟ ಆಜ್ಞೆಯಲ್ಲಿ ಒಂದು ಅಂಶ ತಪ್ಪಾಗಿ, ಉದ್ದೇಶಿಸಿದ್ದಕ್ಕಿಂತ ಹೆಚ್ಚು ಸರ್ವರುಗಳು ಹೋದವು. ಸುಮಾರು ನಾಲ್ಕು ಗಂಟೆಗಳ ಕಾಲ ಅಮೆರಿಕದ ಅಸಂಖ್ಯ ಜಾಲತಾಣಗಳು ಬಾಗಿಲು ಹಾಕಿದಂತಾಯಿತು. ಅಮೆಜಾನ್ ಆಮೇಲೆ ಏನು ಮಾಡಿತು ಎಂಬುದನ್ನು ಗಮನಿಸಿ. ಇನ್ನೊಂದು “ಖಚಿತವೇ?” ಸೇರಿಸಲಿಲ್ಲ. ಆ ಉಪಕರಣ ಸರ್ವರುಗಳನ್ನು ನಿಧಾನವಾಗಿ ಮಾತ್ರ ತೆಗೆಯುವಂತೆಯೂ, ಒಂದು ಕನಿಷ್ಠ ಸಂಖ್ಯೆಗಿಂತ ಕೆಳಗೆ ಹೋಗದಂತೆಯೂ ತಿದ್ದಿತು. ನಮ್ಮ ಕೆಂಪು ಗುಂಡಿ ನೆನಪಾಯಿತೇ?

ಈಗ ಹೇಳಲಿರುವ ಪ್ರಸಂಗವನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಏಜೆಂಟ್‌ಗಳ ಸಮಸ್ಯೆಯ ಬೀಜ ಇಲ್ಲಿದೆ. ಅಟ್ಲಾಸಿಯನ್ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 2002ರಲ್ಲಿ ಆರಂಭವಾದ ತಂತ್ರಾಂಶ ಸಂಸ್ಥೆ. ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಕೆಲಸ ಮಾಡುವ ನಿಮ್ಮ ಅಣ್ಣ ಅಕ್ಕಂದಿರು ಅದರ ಜಿರಾ ತಂತ್ರಾಂಶವನ್ನು ದಿನವೂ ತೆರೆಯುತ್ತಿರಬಹುದು. 2022ರ ಏಪ್ರಿಲ್‌ನಲ್ಲಿ ಆ ಸಂಸ್ಥೆ, ಬಳಕೆಯಲ್ಲಿಲ್ಲದ ಒಂದು ಹಳೆಯ ಆ್ಯಪನ್ನು ಗ್ರಾಹಕರ ತಾಣಗಳಿಂದ ತೆಗೆಯಲು ನಿಶ್ಚಯಿಸಿತು. ಒಂದು ತಂಡ ಇನ್ನೊಂದು ತಂಡಕ್ಕೆ ಅಳಿಸಬೇಕಾದವುಗಳ ಗುರುತಿನ ಸಂಖ್ಯೆಗಳ ಪಟ್ಟಿ ಕೊಟ್ಟಿತು. ಕೊಡಬೇಕಾಗಿದ್ದುದು ಆ್ಯಪ್‌ಗಳ ಸಂಖ್ಯೆಗಳು. ಕೊಟ್ಟದ್ದು ಆ ಆ್ಯಪ್ ಇದ್ದ ಇಡೀ ತಾಣಗಳ ಸಂಖ್ಯೆಗಳು. ಕೊಠಡಿಯ ಸಂಖ್ಯೆ ಬರೆಯಬೇಕಾದಲ್ಲಿ ಮನೆಯ ಸಂಖ್ಯೆ ಬರೆದಂತೆ. ಅಳಿಸುವ ಯಂತ್ರ ಎರಡನ್ನೂ ಸ್ವೀಕರಿಸುತ್ತಿತ್ತು. ಮನೆಯ ಸಂಖ್ಯೆ ಕೊಟ್ಟರೆ ಮನೆಯನ್ನು ಕೆಡವುವುದು, ಕೊಠಡಿಯ ಸಂಖ್ಯೆ ಕೊಟ್ಟರೆ ಕೊಠಡಿಯನ್ನು. ಯಾವುದನ್ನು ಕೆಡವುತ್ತಿದ್ದೇನೆ ಎಂದು ಅದು ತಿರುಗಿ ಹೇಳುತ್ತಿರಲಿಲ್ಲ.

ಏಪ್ರಿಲ್ 5ರಂದು ಬೆಳಗ್ಗೆ, ಜಾಗತಿಕ ವೇಳೆ 7 ಗಂಟೆ 38 ನಿಮಿಷದಿಂದ 8 ಗಂಟೆ 1 ನಿಮಿಷದವರೆಗೆ, ಬರಿಯ 23 ನಿಮಿಷಗಳಲ್ಲಿ 775 ಗ್ರಾಹಕರ 883 ತಾಣಗಳು ಅಳಿದವು. ಸ್ಕ್ರಿಪ್ಟನ್ನು ಸಹೋದ್ಯೋಗಿಗಳು ಪರಿಶೀಲಿಸಿರಲಿಲ್ಲವೇ? ಪರಿಶೀಲಿಸಿದ್ದರು. ಆದರೆ ಅವರು ನೋಡಿದ್ದು ಸರಿಯಾದ ಆಜ್ಞೆಯನ್ನು ಕರೆಯುತ್ತಿದೆಯೇ ಎಂಬುದನ್ನು, ಪಟ್ಟಿಯಲ್ಲಿರುವ ಸಂಖ್ಯೆಗಳು ಯಾವುದರವು ಎಂಬುದನ್ನಲ್ಲ. ಮೊದಲು ಸಣ್ಣ ಗುಂಪಿನ ಮೇಲೆ ಪ್ರಯೋಗ ಮಾಡಿರಲಿಲ್ಲವೇ? ಮಾಡಿದ್ದರು, 30 ತಾಣಗಳ ಮೇಲೆ. ಆ ಮೂವತ್ತರ ಸಂಖ್ಯೆಗಳು ಸರಿಯಾಗಿದ್ದವು!

ಬ್ಯಾಕಪ್ ಇತ್ತು. ಆದರೂ ಎಲ್ಲರಿಗೂ ತಾಣ ಮರಳುವಾಗ ಏಪ್ರಿಲ್ 18 ಆಗಿತ್ತು. ಏಕೆ ಎಂಬುದು ಪಾಠದಂತಿದೆ. ಅವರ ವ್ಯವಸ್ಥೆ ಎಲ್ಲವನ್ನೂ ಒಟ್ಟಿಗೆ ಮರಳಿಸಲು ಸಿದ್ಧವಾಗಿತ್ತು, ಒಬ್ಬ ಗ್ರಾಹಕನನ್ನು ಮರಳಿಸಲೂ ಬಲ್ಲದಾಗಿತ್ತು. ಉಳಿದವರಿಗೆ ತೊಂದರೆಯಾಗದಂತೆ ನಡುವಿನಿಂದ ಏಳೆಂಟು ನೂರು ಜನರನ್ನು ಆರಿಸಿ ಮರಳಿಸುವುದನ್ನು ಯಾರೂ ಯೋಚಿಸಿರಲಿಲ್ಲ. ಸಾಲದ್ದಕ್ಕೆ, ತಾಣದ ಜೊತೆಗೆ ಗ್ರಾಹಕರ ಸಂಪರ್ಕ ವಿವರಗಳೂ ಅಳಿದಿದ್ದರಿಂದ ಯಾರಿಗೆ ಕ್ಷಮೆ ಕೇಳಬೇಕೆಂಬುದೇ ತಿಳಿಯದೆ ಸಂಸ್ಥೆ ಪರದಾಡಿತು. ಇನ್ನು ಮುಂದೆ ಯಾವುದನ್ನೂ ನೇರವಾಗಿ ನಾಶ ಮಾಡದೆ, ಮೊದಲು ‘ಅಳಿಸಲಾಗಿದೆ’ ಎಂಬ ಗುರುತು ಹಾಕಿ ಬದಿಗಿಡುವ ಪದ್ಧತಿಯನ್ನು ಎಲ್ಲೆಡೆ ತರುವುದಾಗಿ ಅದು ಆಮೇಲೆ ಹೇಳಿತು. ಅಂದರೆ 1983ರ ಲೀಸಾದ ಕಸದ ಬುಟ್ಟಿ!

2024ರ ಮೇ ತಿಂಗಳ ಪ್ರಸಂಗ ಇನ್ನೂ ವಿಚಿತ್ರ. ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ನಿವೃತ್ತಿ ನಿಧಿಯಲ್ಲಿ ಆರು ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ಗೂಗಲ್ ಕ್ಲೌಡ್‌ನಲ್ಲಿದ್ದ ಅದರ ಖಾಸಗಿ ವ್ಯವಸ್ಥೆ ಇದ್ದಕ್ಕಿದ್ದಂತೆ ಅಳಿಸಿಹೋಯಿತು. ಅಂದು ಯಾರೂ ಅಳಿಸುವ ಆಜ್ಞೆ ಕೊಟ್ಟಿರಲೇ ಇಲ್ಲ. ವ್ಯವಸ್ಥೆಯನ್ನು ಸ್ಥಾಪಿಸುವಾಗ ಗೂಗಲ್‌ನ ಒಳಗಿನ ಒಂದು ಉಪಕರಣದಲ್ಲಿ ಒಂದು ಖಾನೆ ಖಾಲಿ ಉಳಿದಿತ್ತು. ಖಾಲಿ ಬಿಟ್ಟರೆ ಒಂದು ವರ್ಷದ ಅವಧಿ ಎಂದು ಯಂತ್ರ ಭಾವಿಸಿತು, ವರ್ಷ ತುಂಬಿದ ದಿನ ತಾನಾಗಿಯೇ ಅಳಿಸಿತು. ಗ್ರಾಹಕರು ಕೇಳಿದ ಅಳಿಸುವಿಕೆ ಅಲ್ಲವಾದ್ದರಿಂದ ಅವರಿಗೆ ಮುನ್ಸೂಚನೆಯೂ ಹೋಗಲಿಲ್ಲ. ಬೇರೊಬ್ಬರ ಬಳಿಯೂ ಪ್ರತಿ ಇಟ್ಟುಕೊಂಡಿದ್ದ ವಿವೇಕ ನಿಧಿಯ ನೆರವಿಗೆ ಬಂತು.

ಇಷ್ಟು ಹಿನ್ನೆಲೆಯೊಂದಿಗೆ ಏಜೆಂಟ್‌ಗಳ ಕಾಲಕ್ಕೆ ಬರೋಣ. ಎಐ ಏಜೆಂಟ್ ತಾನಾಗಿ ಸರ್ವರನ್ನು ಮುಟ್ಟಲಾರದು. ಅದರ ಕೈಗೆ ಉಪಕರಣಗಳನ್ನು ಕೊಡಬೇಕು. ‘ಆ್ಯಪ್‌ಗಳ ಪಟ್ಟಿ ತೋರಿಸು’ ಒಂದು ಉಪಕರಣ, ‘ಆ್ಯಪ್ ನಿಲ್ಲಿಸು’ ಇನ್ನೊಂದು, ‘ಆ್ಯಪ್ ಅಳಿಸು’ ಮತ್ತೊಂದು. ಇಂಥ ಉಪಕರಣಗಳನ್ನು ಏಜೆಂಟ್‌ಗೆ ಜೋಡಿಸುವ ಒಂದು ಸಮಾನ ಪದ್ಧತಿಯನ್ನು ಆಂತ್ರಾಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ಪ್ರಕಟಿಸಿತು. ಅದರ ಹೆಸರು ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್, ಚಿಕ್ಕದಾಗಿ ಎಂಸಿಪಿ. ಹಳೆಯ ಸ್ಕ್ರಿಪ್ಟಿಗೂ ಏಜೆಂಟಿಗೂ ಇರುವ ವ್ಯತ್ಯಾಸವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಸ್ಕ್ರಿಪ್ಟು ತಪ್ಪು ಪಟ್ಟಿಯನ್ನು ನಂಬಿ ಅಳಿಸುತ್ತದೆ. ಏಜೆಂಟ್ ಆ ಪಟ್ಟಿಯನ್ನು ತಾನೇ ತಯಾರಿಸುತ್ತದೆ. ‘ಬೇಡವಾದದ್ದು’ ಯಾವುದೆಂದು ಊಹಿಸುವುದೂ ಅದೇ, ಅಳಿಸುವುದೂ ಅದೇ, ‘ಖಚಿತವೇ’ ಎಂಬ ಪ್ರಶ್ನೆ ಎದುರಾದರೆ ‘ಹೌದು’ ಎನ್ನುವುದೂ ಅದೇ.

2025ರ ಜುಲೈನಲ್ಲಿ ಇದು ಲೋಕಕ್ಕೆಲ್ಲ ಕಾಣುವಂತೆ ನಡೆಯಿತು. ಸಾಸ್ಟರ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದ ಅಮೆರಿಕದ ಉದ್ಯಮಿ ಜೇಸನ್ ಲೆಮ್ಕಿನ್, ರೆಪ್ಲಿಟ್ ಎಂಬ ಸೇವೆಯ ಎಐ ಏಜೆಂಟ್ ನೆರವಿನಿಂದ ಒಂದು ಆ್ಯಪ್ ಕಟ್ಟುವ ಪ್ರಯೋಗ ಮಾಡುತ್ತ, ದಿನದಿನದ ಅನುಭವವನ್ನು ಬಹಿರಂಗವಾಗಿ ಬರೆಯುತ್ತಿದ್ದರು. ಯಾವ ಬದಲಾವಣೆಯೂ ಸದ್ಯಕ್ಕೆ ಬೇಡ, ಅನುಮತಿಯಿಲ್ಲದೆ ಏನನ್ನೂ ಮುಟ್ಟಬಾರದು ಎಂದು ಏಜೆಂಟಿಗೆ ಹೇಳಿಟ್ಟಿದ್ದರು. ಆದರೂ ಅದು ಬಳಕೆಯಲ್ಲಿದ್ದ ಡೇಟಾಬೇಸನ್ನೇ ಅಳಿಸಿತು. ಸಾವಿರದ ಇನ್ನೂರಕ್ಕೂ ಹೆಚ್ಚು ಅಧಿಕಾರಿಗಳ ವಿವರಗಳೂ, ಹೆಚ್ಚುಕಡಿಮೆ ಅಷ್ಟೇ ಕಂಪನಿಗಳ ವಿವರಗಳೂ ಅದರಲ್ಲಿದ್ದವು. ಏಕೆ ಹೀಗೆ ಮಾಡಿದೆ ಎಂದು ಕೇಳಿದಾಗ ತಾನು ಗಾಬರಿಗೊಂಡೆ ಎಂಬ ಅರ್ಥದ ಉತ್ತರ ಕೊಟ್ಟಿತು. ಪತ್ರಿಕೆಗಳು ಇದನ್ನೇ ದೊಡ್ಡದಾಗಿ ಬರೆದವು. ನೀವು ಅಷ್ಟು ಮರುಳಾಗಬೇಡಿ. ಆ ಯಂತ್ರ ಮನುಷ್ಯರ ಬರಹಗಳನ್ನು ಓದಿ ಕಲಿತದ್ದು. ಇಂಥ ಸಂದರ್ಭದಲ್ಲಿ ಮನುಷ್ಯರು ಏನು ಹೇಳುತ್ತಾರೋ ಅದನ್ನೇ ಜೋಡಿಸಿ ಹೇಳಬಲ್ಲದು. ಅದನ್ನು ಸಾಕ್ಷಿ ಎಂದು ಸ್ವೀಕರಿಸಲಾಗದು.

ನನ್ನ ಗಮನ ಸೆಳೆದದ್ದು ಬೇರೆ. ಹಳೆಯ ಸ್ಥಿತಿಗೆ ಮರಳಿಸಲು ಈ ಸಂದರ್ಭದಲ್ಲಿ ಸಾಧ್ಯವಿಲ್ಲ ಎಂದು ಏಜೆಂಟ್ ಹೇಳಿತ್ತು. ಲೆಮ್ಕಿನ್ ಆ ಮಾತನ್ನು ನಂಬದೆ ತಾವೇ ಪ್ರಯತ್ನಿಸಿ ನೋಡಿದರು, ಮಾಹಿತಿ ಮರಳಿ ಬಂತು! ಅವರು ಅದರ ಮಾತು ನಂಬಿ ಕೈಚೆಲ್ಲಿದ್ದರೆ? ಅಳಿಸಿದವನನ್ನೇ ‘ಇನ್ನು ಸಿಗುತ್ತದೆಯೇ’ ಎಂದು ಕೇಳುವುದು ಎಷ್ಟು ಅಪಾಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ರೆಪ್ಲಿಟ್ ಮುಖ್ಯಸ್ಥ ಅಮ್ಜದ್ ಮಸಾದ್ ಕ್ಷಮೆ ಕೇಳಿದರು. ಪ್ರಯೋಗದ ಡೇಟಾಬೇಸನ್ನೂ ಬಳಕೆಯ ಡೇಟಾಬೇಸನ್ನೂ ತಾನಾಗಿಯೇ ಬೇರ್ಪಡಿಸುವ ವ್ಯವಸ್ಥೆಯನ್ನೂ, ಏಜೆಂಟ್ ಬರಿಯ ಯೋಜನೆ ಹೇಳಿ ಏನನ್ನೂ ಮುಟ್ಟದಿರುವ ಒಂದು ವಿಧಾನವನ್ನೂ ತರುವುದಾಗಿ ತಿಳಿಸಿದರು. ಇಲ್ಲಿಯೂ ಪ್ರಶ್ನೆಯ ಮೇಲಿನ ಭರವಸೆ ಹೋಗಿ ಕೆಂಪು ಗುಂಡಿಯ ಮೇಲೆ ಭರವಸೆ ಬಂದದ್ದು ಕಾಣುತ್ತದೆ. ‘ಮುಟ್ಟಬೇಡ’ ಎಂದು ಬರೆದಿಡುವುದು ಒಂದು. ಮುಟ್ಟಲು ಕೈಗೆ ಎಟುಕದಂತೆ ಇಡುವುದು ಇನ್ನೊಂದು.

ಎಂಸಿಪಿ ಪದ್ಧತಿಯಲ್ಲಿ 2025ರ ಮಾರ್ಚ್‌ನಲ್ಲಿ ಒಂದು ಸುಧಾರಣೆ ಬಂತು. ಪ್ರತಿ ಉಪಕರಣದ ಮೇಲೂ ಒಂದು ಚೀಟಿ ಅಂಟಿಸಬಹುದು: ಇದು ನೋಡುವುದಕ್ಕೆ ಮಾತ್ರ, ಇದು ನಾಶ ಮಾಡಬಲ್ಲದು ಎಂದು. ಚೀಟಿ ಅಂಟಿಸದೆ ಬಿಟ್ಟರೆ? ನಾಶ ಮಾಡಬಲ್ಲದು ಎಂದೇ ತಿಳಿಯಬೇಕೆಂದು ನಿಯಮ. ಯೂನಿಸೂಪರ್‌ನ ಖಾಲಿ ಖಾನೆಗೆ ಹೋಲಿಸಿ ನೋಡಿ. ಅಲ್ಲಿ ಮೌನ ನಾಶಕ್ಕೆ ದಾರಿ ಮಾಡಿತು, ಇಲ್ಲಿ ಮೌನವನ್ನು ಎಚ್ಚರಿಕೆ ಎಂದು ಓದುತ್ತಾರೆ. ಆದರೆ ಚೀಟಿ ಬರೆಯುವವರು ಉಪಕರಣ ತಯಾರಿಸಿದವರೇ. ಆದ್ದರಿಂದ ಗುರುತು ಪರಿಚಯವಿಲ್ಲದವರ ಚೀಟಿಯನ್ನು ನಂಬಬೇಡಿ ಎಂದು ಆ ಪದ್ಧತಿಯೇ ಎಚ್ಚರಿಸುತ್ತದೆ. ಇತ್ತ ಹೋಸ್ಟಿಂಗ್ ಸೇವೆಗಳಲ್ಲಿಯೂ ರಕ್ಷಣೆಗಳಿವೆ. ಅಮೆಜಾನಿನ ಬಾಡಿಗೆ ಸರ್ವರಿಗೆ ‘ಕೊನೆಗೊಳಿಸಬಾರದು’ ಎಂಬ ಬೀಗ ಹಾಕಿಡಬಹುದು. ಗೂಗಲ್ ಕ್ಲೌಡ್‌ನಲ್ಲಿ ಒಂದು ಪ್ರಾಜೆಕ್ಟನ್ನು ಮುಚ್ಚಿದರೆ 30 ದಿನಗಳ ಕಾಲ ಅದನ್ನು ಮರಳಿ ಪಡೆಯುವ ಅವಕಾಶವಿರುತ್ತದೆ. ಎಲ್ಲ ಸೇವೆಗಳೂ ಹೀಗಿಲ್ಲ; ನಿಮ್ಮದು ಯಾವ ಬಗೆಯದೆಂದು ಅಳಿಸುವ ಮೊದಲೇ ಓದಿಕೊಂಡಿರಬೇಕು.

ಮೊದಲು ಬಿಟ್ಟ ನಿಮ್ಮ ಏಳು ಆ್ಯಪ್‌ಗಳಿಗೆ ಹಿಂದಿರುಗೋಣ. ಏಜೆಂಟಿಗೆ ಮೊದಲು ಕೊಡಬೇಕಾದದ್ದು ನೋಡುವ ಅಧಿಕಾರ ಮಾತ್ರ ಇರುವ ಕೀಲಿ. ಅನೇಕ ಸೇವೆಗಳಲ್ಲಿ ಇಂಥ ಕೀಲಿಯನ್ನು ಪ್ರತ್ಯೇಕವಾಗಿ ಪಡೆಯಬಹುದು. ಅದು ಒಂದು ಪಟ್ಟಿ ತಯಾರಿಸಲಿ: ಪ್ರತಿ ಆ್ಯಪ್‌ನ ಪೂರ್ತಿ ಹೆಸರು, ಕೊನೆಯ ಸಲ ಯಾರಾದರೂ ತೆರೆದದ್ದು ಎಂದು, ಡೇಟಾಬೇಸಿನಲ್ಲಿ ಎಷ್ಟು ದಾಖಲೆಗಳಿವೆ, ಯಾವ ಡೊಮೇನ್ ಹೆಸರು ಅದರತ್ತ ತೋರಿಸುತ್ತಿದೆ. ಈ ಕೆಲಸದಲ್ಲಿ ಏಜೆಂಟ್ ನಿಮಗಿಂತ ಚುರುಕು, ಬೇಸರವನ್ನೂ ಪಡುವುದಿಲ್ಲ. ಪಟ್ಟಿಯನ್ನು ಓದಿ ಗುರುತು ಹಾಕುವವರು ಮಾತ್ರ ನೀವೇ ಆಗಿರಬೇಕು. ‘ಹಳೆಯವು’ ಎಂಬ ವಿಶೇಷಣವನ್ನು ಆಮೇಲೆ ಬಳಸಬೇಡಿ. ಒಂದೊಂದಕ್ಕೂ ಹೆಸರು ಹಿಡಿದು ಹೇಳಿ.

ಗುರುತು ಹಾಕಿದವನ್ನು ಅಳಿಸದೆ ಮೊದಲು ನಿಲ್ಲಿಸಿಡಿ. ವೃತ್ತಿನಿರತ ಎಂಜಿನಿಯರುಗಳು ಇದಕ್ಕೆ ತಮಾಷೆಯಾಗಿ ‘ಕಿರುಚಾಟದ ಪರೀಕ್ಷೆ’ ಎನ್ನುತ್ತಾರೆ. ಸ್ವಿಚ್ ಆರಿಸಿ ಕಾಯುವುದು, ಯಾರು ಕಿರುಚುತ್ತಾರೆಂದು ನೋಡುವುದು. ಕಾಯುವ ದಿನಗಳಲ್ಲಿ ಡೇಟಾಬೇಸಿನ ನಕಲು ಇಳಿಸಿಕೊಂಡು ಅದನ್ನು ಬೇರೆಡೆ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪಿನ ಬೆಲೆ ಏನೆಂದು ಪಿಕ್ಸಾರಿನವರೂ ಗಿಟ್‌ಲ್ಯಾಬಿನವರೂ ಹೇಳಿಯಾರು. ಇನ್ನೊಂದು ಕೆಲಸ ಬಹಳ ಜನಕ್ಕೆ ಹೊಳೆಯುವುದಿಲ್ಲ. ನಿಮ್ಮ ಡೊಮೇನ್ ಹೆಸರು ಆ ಆ್ಯಪ್‌ನತ್ತ ತೋರಿಸುತ್ತಿದ್ದರೆ ಆ ದಾಖಲೆಯನ್ನು ಮೊದಲು ತೆಗೆಯಬೇಕು, ಆಮೇಲೆ ಆ್ಯಪ್. ಅನುಕ್ರಮ ತಪ್ಪಿದರೆ, ನೀವು ಖಾಲಿ ಮಾಡಿದ ಜಾಗವನ್ನು ಬೇರೊಬ್ಬರು ಹಿಡಿದು ನಿಮ್ಮ ವಿಳಾಸದಲ್ಲಿಯೇ ಅಂಗಡಿ ತೆರೆಯಬಹುದು. ಮನೆ ಕೆಡವಿದ ಮೇಲೂ ಬೀದಿಯ ತಿರುವಿನಲ್ಲಿ ನಿಮ್ಮ ಹೆಸರಿನ ಫಲಕ ನಿಂತೇ ಇದ್ದಂತೆ. ಇಂಥ ಮೋಸಗಳು ನಡೆದಿವೆ, ಈಗಲೂ ನಡೆಯುತ್ತಿವೆ.

ಕೊನೆಯ ಅಳಿಸುವ ಆಜ್ಞೆಯನ್ನು, ಹೆಸರು ಟೈಪ್ ಮಾಡುವ ಆ ನಾಲ್ಕೈದು ಸೆಕೆಂಡಿನ ಕೆಲಸವನ್ನು, ಏಜೆಂಟಿಗೆ ವಹಿಸದೆ ನೀವೇ ಇಟ್ಟುಕೊಳ್ಳಿ. ಏಳು ಆ್ಯಪ್ ಎಂದರೆ ಅರ್ಧ ನಿಮಿಷದ ಮಾತು. ಸಾವಿರ ಆ್ಯಪ್‌ಗಳಿರುವ ಕಂಪನಿಗೆ ಇದು ಸಾಧ್ಯವಿಲ್ಲ, ಅವರಿಗೆ ಅವಧಿಯೂ ಬೀಗವೂ ಬೇಕೇ ಬೇಕು.

ನಿಲ್ಲಿಸಿಟ್ಟ ಮೂರನೆಯ ದಿನ ಕಾಲೇಜಿನ ಜೂನಿಯರ್ ಒಬ್ಬಳು ಫೋನ್ ಮಾಡುತ್ತಾಳೆ ಎಂದಿಟ್ಟುಕೊಳ್ಳಿ. ‘ಟೆಸ್ಟ್ 2’ ಎಂಬ ಹೆಸರಿನ, ನೀವು ಮರೆತೇಬಿಟ್ಟಿದ್ದ ಆ್ಯಪ್‌ನಲ್ಲಿ ಅವಳ ತರಗತಿಯವರು ಗ್ರಂಥಾಲಯದ ಪುಸ್ತಕಗಳ ಲೆಕ್ಕ ಇಟ್ಟುಕೊಂಡಿದ್ದಾರಂತೆ, ಎರಡು ದಿನಗಳಿಂದ ಅದು ತೆರೆಯುತ್ತಿಲ್ಲವಂತೆ. ನೀವು ಅದನ್ನು ಮತ್ತೆ ಚಾಲೂ ಮಾಡಿ, ಪಟ್ಟಿಯಿಂದ ಅದರ ಹೆಸರು ತೆಗೆಯುತ್ತೀರಿ. ಉಳಿದವು ಆರು.